ಚೆನ್ನರಾಯನ ದಿಬ್ಬ

೯ ಫೆಬ್ರವರಿ ೨೦೦೪, ಸೋಮವಾರ. ಬಿ.ಪಿ. ೧೫೦/೧೦೦

ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಶೈಲಜಾ ಮಾತು ಕಡಿಮೆ ಮಾಡಿ ಎಂದಳು. ಸಿಟ್ಟು ಬಂದರೆ ಅದನ್ನು ಈ ಪುಸ್ತಕದಲ್ಲಿ ಬರೆಯಬೇಕಂತೆ, ಮೇಲುಗಡೆ ಆವತ್ತಿನ ಬಿ.ಪಿ. ಹಾಕಬೇಕಂತೆ. "ನಾನೇನೂ ಓದಲ್ಲ. ಮೂವತ್ತೊಂಬತ್ತಕ್ಕೇ ಮೂಗಿನ ತುದೀಲಿ ಕೋಪ ಇಟ್ಕೊಂಡಿದ್ದೀರಲ್ಲ, ಅದನ್ನ ಈ ಪುಸ್ತಕಕ್ಕೆ ಇಳಿಸಿ ಸಾಕು," ಎಂದಳು. ಪ್ರೈಮರಿ ಸ್ಕೂಲಿನ ಟೀಚರು. ಗಂಡನಿಗೂ ಹೋಂವರ್ಕು ಕೊಡುತ್ತಾಳೆ.

ಇವತ್ತು ಸಿಟ್ಟು ಬರಲಿಲ್ಲ. ಆದ್ದರಿಂದ ನನ್ನ ಬಗ್ಗೆಯೇ ಬರೆಯುತ್ತೇನೆ, ಅದು ನನಗೆ ಬಹಳ ಪ್ರಿಯವಾದ ವಿಷಯ. ಚಿಂತಾಮಣಿಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ವಿಭಾಗದ ಲೆಕ್ಚರರ್ ಚೆನ್ನರಾಯಪ್ಪ ನಾನು. ಓದಿದ್ದೂ ಅಲ್ಲೇ, ಪಾಠ ಹೇಳುವುದೂ ಅಲ್ಲೇ. ಪ್ರತಿವರ್ಷ ಕೊನೆಯ ವರ್ಷದ ಹುಡುಗರನ್ನು ಕೈವಾರದ ಆಚೆಯ ಒಂದು ಬಯಲಿಗೆ ಸರ್ವೆ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತೇನೆ. ಹದಿನೆಂಟನೆಯ ಕ್ಯಾಂಪು ಮೊನ್ನೆ ಶನಿವಾರ ಮುಗಿಯಿತು. ಈಗ ಶೀಟು ತಿದ್ದುವ ಕಾಲ.

ಕೆಲಸ ಸರಳ. ಬಯಲನ್ನು ಹತ್ತು ಮೀಟರಿನ ಚೌಕಗಳಾಗಿ ಮಾಡಿ, ಪ್ರತಿ ಮೂಲೆಯಲ್ಲೂ ಅಳತೆಕೋಲು ನಿಲ್ಲಿಸಿ, ಲೆವೆಲ್ ಯಂತ್ರದಲ್ಲಿ ನೋಡಿ ನೆಲದ ಎತ್ತರ ಬರೆದುಕೊಳ್ಳಬೇಕು. ಆಮೇಲೆ ಹಾಳೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಕಂಟೂರ್ ಗೆರೆ ಎಳೆಯಬೇಕು. ಒಂದು ಮೂಲೆ ಸಮುದ್ರಮಟ್ಟದಿಂದ ೮೭೧.೫ ಮೀಟರ್, ಪಕ್ಕದ್ದು ೮೭೨.೫ ಇದ್ದರೆ ೮೭೨ರ ಗೆರೆ ನಟ್ಟನಡುವೆ ಹೋಗುತ್ತದೆ. ಎರಡು ಮೂಲೆಗಳ ನಡುವೆ ನಿಜವಾಗಿ ಏನಿದೆಯೋ ಯಾರೂ ನೋಡಿರುವುದಿಲ್ಲ. ನೆಲ ಸಮನಾಗಿ ಏರಿದೆ ಎಂದು ನಂಬಿ ಎಳೆಯುತ್ತೇವೆ, ಅಷ್ಟೆ.

೧೯೮೪ರಲ್ಲಿ ವಿದ್ಯಾರ್ಥಿಯಾಗಿ ನಾನು ಎಳೆದ ಶೀಟು ಈಗಲೂ ಡ್ರಾಯಿಂಗ್ ಹಾಲಿನಲ್ಲಿ ಗಾಜಿನ ಕಟ್ಟು ಹಾಕಿಸಿಕೊಂಡು, ಮಾದರಿ ಎಂದು ಗೋಡೆ ಮೇಲಿದೆ. ಅದರ ಈಶಾನ್ಯ ಮೂಲೆಯಲ್ಲಿ ಒಂದರೊಳಗೊಂದು ಮೂರು ಬಳೆಯಂಥ ಗೆರೆಗಳಿವೆ. ಅದೊಂದು ಪುಟ್ಟ ದಿಬ್ಬ, ನೆತ್ತಿಯ ಎತ್ತರ ೮೭೪.೬೦. ಜಾಲಿ ಪೊದೆಗಳ ನಡುವೆ ಯಾರ ಕಣ್ಣಿಗೂ ಬೀಳದ ಆ ದಿಬ್ಬವನ್ನು ಹುಡುಕಿದವನು ನಾನೇ. ಹತ್ತುವಾಗ ಹಿಮ್ಮಡಿಗೆ ಮುಳ್ಳು ಚುಚ್ಚಿತ್ತು, ಮೇಲೆ ನಿಂತರೆ ಕೈವಾರದ ಬೆಟ್ಟ ಎಷ್ಟು ಚೆನ್ನಾಗಿ ಕಂಡಿತ್ತು ಎಂದು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಹುಡುಗರು ಅದಕ್ಕೆ ಚೆನ್ನರಾಯನ ದಿಬ್ಬ ಅಂತ ಹೆಸರಿಟ್ಟಿದ್ದಾರೆ. ಗೇಲಿ ಮಾಡಲು ಇಟ್ಟದ್ದೇ ಇರಬೇಕು, ಆದರೆ ದೇವರ ಹೆಸರಿನ ಹಾಗೆ ಕೇಳಿಸುತ್ತದೆ. ನಾನು ಬೇಡವೆಂದಿಲ್ಲ.

೧೨ ಫೆಬ್ರವರಿ, ಗುರುವಾರ. ಬಿ.ಪಿ. ೧೬೦/೧೦೦

ಸಿಟ್ಟು ಬಂತು. ಶೈಲಜಾ, ನಿನ್ನ ಪುಸ್ತಕ ಉದ್ಘಾಟನೆಯಾಯಿತು.

ಈ ಸಲ ಈಶಾನ್ಯ ಮೂಲೆ ಬಿದ್ದದ್ದು ಆರು ಜನರ ಒಂದು ತಂಡಕ್ಕೆ. ಐದು ಶೀಟಿನಲ್ಲಿ ದಿಬ್ಬ ಇರಬೇಕಾದ ಜಾಗದಲ್ಲಿ ಇದೆ. ಆರನೆಯದು ತನುಜ ಎಂಬ ಹುಡುಗಿಯದು. ಅದರ ಈಶಾನ್ಯ ಮೂಲೆ ಒರೆಸಿಟ್ಟ ಹಾಗೆ ಖಾಲಿ.

"ದಿಬ್ಬ ಎಲ್ಲಮ್ಮ?" ಎಂದೆ.

"ಅಲ್ಲಿ ದಿಬ್ಬ ಇಲ್ಲ ಸರ್. ಮಟ್ಟವಾಗಿದೆ. ೮೭೧.೪೩ ಬಂತು."

"ಹದಿನೆಂಟು ಬ್ಯಾಚಿನವರಿಗೆ ಸಿಕ್ಕಿದ್ದು ನಿನಗೊಬ್ಬಳಿಗೆ ಸಿಗಲಿಲ್ವಾ?"

"ಎರಡು ಸಲ ತಗೊಂಡೆ ಸರ್. ಎರಡೂ ಸಲ ಅಷ್ಟೇ ಬಂತು."

"ಹಾಗಾದ್ರೆ ನಿನ್ನ ಯಂತ್ರ ಕೆಟ್ಟಿದೆ."

"ಯಂತ್ರ ಎಲ್ರಿಗೂ ಒಂದೇ ಅಲ್ವಾ ಸರ್," ಎಂದಳು. ಎದುರುಮಾತಿನ ಧಾಟಿಯಲ್ಲೇನೂ ಹೇಳಲಿಲ್ಲ, ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು. ಅದಕ್ಕೇ ನನಗೆ ಇನ್ನೂ ರೇಗಿತು.

ಐವತ್ತಕ್ಕೆ ಹನ್ನೆರಡು ಕೊಟ್ಟೆ. ಉಳಿದ ಐವರಿಗೆ ನಲವತ್ತರ ಮೇಲೆ. ಐವರ ಅಂಕಿಗಳಲ್ಲೂ ಕೊನೆಯ ಒಂದು ಸ್ಥಾನ ಮಾತ್ರ ಒಂದಿಷ್ಟು ಆಚೀಚೆ ಇದೆ. ಪ್ರಾಮಾಣಿಕವಾಗಿ ಅಳೆದವರ ಲಕ್ಷಣ ಅದು.

೧೮ ಫೆಬ್ರವರಿ, ಬುಧವಾರ. ಬಿ.ಪಿ. ೧೬೦/೧೦೦

ತನುಜ ಮತ್ತೆ ಬಂದಳು, ಬಯಲಿನಲ್ಲಿ ಅಳತೆ ಬರೆದುಕೊಂಡ ಫೀಲ್ಡ್ ಬುಕ್ ಹಿಡಿದುಕೊಂಡು. ಕ್ಯಾಂಪಿನ ಅಂಕ ಇಪ್ಪತ್ತಕ್ಕಿಂತ ಕಡಿಮೆಯಾದರೆ ಏಪ್ರಿಲ್ ಪರೀಕ್ಷೆಗೆ ಕೂರುವಂತಿಲ್ಲ. ಅದು ನನಗೆ ಗೊತ್ತಿಲ್ಲದ ನಿಯಮವೇನಲ್ಲ.

"ಒಂದು ವರ್ಷ ಹೋಗ್ಬಿಡುತ್ತೆ ಸರ್. ನಮ್ಮಪ್ಪ ಮತ್ತೆ ಓದಿಸಲ್ಲ. ತಮ್ಮನ ಸರದಿ ಬಂದಿದೆ. ಡಿಪ್ಲೊಮಾ ಆದ್ರೆ ಈ ವರ್ಷಾನೇ ಬಿ.ಇ.ಗೆ ಪರೀಕ್ಷೆ ಬರೀಬೋದು ಅಂತ ಅಂದ್ಕೊಂಡಿದ್ದೆ."

"ದಿಬ್ಬ ಹಾಕ್ಕೊಂಡು ಬಾ. ಅಂಕ ಹಾಕ್ತೀನಿ," ಎಂದೆ. ಇದಕ್ಕಿಂತ ಉದಾರವಾಗಿ ಯಾವ ಮೇಷ್ಟ್ರು ಮಾತಾಡುತ್ತಾರೆ?

ಅವಳು ಪುಸ್ತಕವನ್ನು ನನ್ನ ಮುಂದಿಟ್ಟಳು. "ಹಾಕಕ್ಕೆ ನನ್ಹತ್ರ ರೀಡಿಂಗ್ ಇಲ್ಲ ಸರ್," ಎಂದು ಹೊರಟುಹೋದಳು.

ಫೀಲ್ಡ್ ಬುಕ್ ಮೇಜಿನ ಮೇಲೇ ಇತ್ತು. ತಿರುವಿದೆ. ಎರಡು ಕಡೆ ತಪ್ಪು ಬರೆದಿದ್ದಾಳೆ. ತಪ್ಪನ್ನು ರಬ್ಬರಿನಿಂದ ಅಳಿಸಬಾರದು, ಕೆಳಗಿನ ಅಂಕಿ ಓದಲು ಬರುವ ಹಾಗೆ ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು ಎಂದು ನಾನು ಮೊದಲ ತರಗತಿಯಲ್ಲೇ ಹೇಳುತ್ತೇನೆ. ಹಾಗೇ ಮಾಡಿದ್ದಾಳೆ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ ಇನ್ನೊಂದು ಪುಸ್ತಕ ನೆನಪಾಗುತ್ತಿಲ್ಲ. ಬೇರೆಯವರ ಪುಸ್ತಕದಲ್ಲಿ ತಪ್ಪೇ ಇರುವುದಿಲ್ಲ.

ಶನಿವಾರ ಕೈವಾರಕ್ಕೆ ಹೋಗುತ್ತೇನೆ. ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬಂದು ಅವಳ ಮುಂದೆ ಇಡುತ್ತೇನೆ.

೨೧ ಫೆಬ್ರವರಿ, ಶನಿವಾರ. ಬಿ.ಪಿ. ನೋಡಿಸಿಕೊಳ್ಳುವ ಧೈರ್ಯ ಬರಲಿಲ್ಲ

ಶೈಲಜಾಳ ಅಣ್ಣನ ಕ್ಯಾಮೆರಾ ಇಸಿದುಕೊಂಡು, ಇಸ್ತ್ರಿ ಶರಟು ಹಾಕಿಕೊಂಡು ಸ್ಕೂಟರಿನಲ್ಲಿ ಹೋದೆ. ಕ್ಯಾಂಪಿನ ಹುಣಸೆ ಮರದವರೆಗೆ ದಾರಿ ಚೆನ್ನಾಗಿ ಗೊತ್ತು. ಪ್ರತಿವರ್ಷ ಅದರ ನೆರಳಿನಲ್ಲೇ ನನ್ನ ಕುರ್ಚಿ ಹಾಕಿಸುವುದು. ಅಲ್ಲಿಂದ ಆಚೆಗೆ ಹೋಗಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತ ನಡೆದೆ. ಈಶಾನ್ಯ ಮೂಲೆ ಬಂತು. ರಾಗಿ ಕೊಯ್ದ ಹೊಲ. ಅಂಗೈ ಹಾಗೆ ಮಟ್ಟ.

ಆಚೆಗೆ ಹೋದೆ, ಈಚೆಗೆ ಬಂದೆ. ಮೂರು ಮೀಟರ್ ಎತ್ತರದ ದಿಬ್ಬ, ಅದೇನು ಜೇಬಿನಲ್ಲಿ ಬಿದ್ದುಹೋಗುವ ವಸ್ತುವೇ? ಕೂಳೆಯ ನಡುವೆ ಇಸ್ತ್ರಿ ಶರಟಿನವನು ಏನೋ ಕಳೆದುಕೊಂಡವನ ಹಾಗೆ ಸುತ್ತುತ್ತಿದ್ದುದನ್ನು ನೋಡಿ ಹೊಲದ ಯಜಮಾನರು ಬಂದರು. ಮುನಿಗಂಗಪ್ಪ ಅಂತ, ಎಪ್ಪತ್ತರ ಮೇಲಿನವರು.

"ಇಲ್ಲಿ ಒಂದು ದಿಬ್ಬ ಇತ್ತಲ್ಲ?" ಎಂದೆ.

"ಇಕ್ಕಡ ಗುಟ್ಟ ಎಪ್ಪುಡೂ ಲೇದು ಸಾರ್," ಎಂದರು. ಆಮೇಲೆ ನನಗೆ ತೆಲುಗು ಬರುವುದಿಲ್ಲವೇನೋ ಎಂದು ಕನ್ನಡಕ್ಕೆ ಬಂದರು. "ಇಲ್ಲಿ ದಿಬ್ಬ ಯಾವತ್ತೂ ಇರ್ಲಿಲ್ಲ. ನೀರು ಬಿಟ್ರೆ ಹರಿಯಲ್ಲ, ಅಲ್ಲೇ ನಿಂತ್ಕೊತದೆ. ಅಷ್ಟು ಮಟ್ಟ ಈ ಹೊಲ."

"ಜಾಲಿ ಇತ್ತು. ಜೆಸಿಬಿ ತರಿಸಿ ಮಟ್ಟ ಮಾಡಿಸಿಬಿಟ್ರಾ?"

"ಜಾಲಿ ಇದ್ದಿದ್ದು ನಿಜ. ಮಚ್ಚಿನಲ್ಲಿ ಕಡ್ಸಿದ್ದು. ಜಾಲಿ ಕೆಳಗೂ ನೆಲ ಹಿಂಗೇ ಇತ್ತು." ಅವರು ನನ್ನ ಕ್ಯಾಮೆರಾ ನೋಡಿದರು. "ನೀವು ಕಾಲೇಜಿನೋರಾ? ನಿಮ್ಮ ಹುಡುಗ್ರು ವರ್ಷಾ ವರ್ಷಾ ಬರ್ತಾರೆ, ಹುಣಸೆ ಮರದ ಕೆಳಗೆ ಕೂತ್ಕೊಂಡು ಬರ್ಕೊಂಡು ಹೋಗ್ತಾರೆ. ಈ ಸಲ ಒಂದು ಹೆಣ್ಮಗು ಒಂಟಿಯಾಗಿ ಬಿಸ್ಲಲ್ಲಿ ಓಡಾಡ್ತಿತ್ತು. ಕೋಲು ಹಿಡಿಯಕ್ಕೆ ಯಾರೂ ಬರ್ಲಿಲ್ಲ ಅಂತು. ನಾನೇ ಹಿಡ್ಕೊಂಡೆ."

ಫೋಟೋ ತೆಗೆಯಲಿಲ್ಲ. ಏನಿದೆ ತೆಗೆಯಲು?

೨೨ ಫೆಬ್ರವರಿ, ಭಾನುವಾರ

ಬೆಳಗ್ಗೆ ತಿಂಡಿಗೆ ಮುಂಚೆ ಅಟ್ಟದ ಟ್ರಂಕು ಇಳಿಸಿ ನನ್ನ ಹಳೆಯ ಫೀಲ್ಡ್ ಬುಕ್ ಹುಡುಕಿದೆ. ಸಿಕ್ಕಿತು. ಬಹಳ ಸ್ವಚ್ಛವಾಗಿದೆ. ಒಂದೇ ಒಂದು ಹೊಡೆದು ಹಾಕಿದ ಗೆರೆಯಿಲ್ಲ, ಬೆವರಿನ ಕಲೆಯಿಲ್ಲ. ಎಲ್ಲಾ ಪುಟಗಳೂ ಒಂದೇ ಪೆನ್ನಿನಲ್ಲಿ, ಕೂತ ಕಡೆಯೇ ಬರೆದ ಹಾಗಿವೆ. ವಿದ್ಯಾರ್ಥಿಗಳದ್ದಾಗಿದ್ದರೆ ಅಳೆಯದೆ ಬರೆದದ್ದು ಎಂದು ಮೂಸಿ ನೋಡಿಯೇ ಹೇಳುತ್ತಿದ್ದೆ.

ಆವತ್ತು ನನಗೆ ಕೋಲು ಹಿಡಿದವನು ಮುನಿನಾರಾಯಣಪ್ಪ. ಈಗ ಗೌರಿಬಿದನೂರಿನಲ್ಲಿ ಇಂಜಿನಿಯರು. ಫೋನು ಮಾಡಿದೆ. ಕೇಳಿದ್ದೇ ತಡ, ಕೆಮ್ಮು ಬರುವಷ್ಟು ನಕ್ಕ.

"ದಿಬ್ಬಾನಾ? ಹುಣಸೆ ಮರದ ಕೆಳಗೆ ಕಡ್ಲೆಕಾಯಿ ತಿಂತಾ ನೀನೇ ಹಾಕಿದ್ದಲ್ವೇನೋ. ಜಾಲಿ ಒಳಗೆ ನಾನು ಹೋಗಲ್ಲ ಅಂದೆ. ಆರು ಚೌಕ ಖಾಲಿ ಉಳೀತು. ತಲೆಯಿಂದ ತುಂಬ್ತೀನಿ ಬಿಡು ಅಂತ ನೀನಂದೆ. ಎಲ್ಲಾ ಮಟ್ಟ ಅಂತ ಬರೆದ್ರೆ ಮೇಷ್ಟ್ರಿಗೆ ಅನುಮಾನ ಬರುತ್ತೆ, ಸಹಜವಾಗಿರ್ಲಿ ಅಂತ ಒಂದು ದಿಬ್ಬ ಎಬ್ಬಿಸ್ದೆ. ಮರ್ತೇ ಹೋಯ್ತೇನೋ?"

"ಮುಳ್ಳು ಚುಚ್ಚಿತ್ತಲ್ಲೋ ನನಗೆ."

"ಜಾಲಿ ಒಳಗೆ ಹೋಗಿದ್ರೆ ತಾನೇ ಚುಚ್ಚೋದು?"

ಫೋನಿಟ್ಟ ಮೇಲೆ ಹಿಮ್ಮಡಿ ನೋಡಿಕೊಂಡೆ. ಶೈಲಜಾ ದೋಸೆ ತಂದವಳು, "ಏನ್ರೀ ಅದು, ಮುಳ್ಳು ಚುಚ್ಚಿದ್ದ ಕಾಲಾ? ನಮ್ಮ ಮದುವೆಯಾದ ಹೊಸದರಲ್ಲಿ ಎಡಗಾಲು ಅಂತಿದ್ರಿ. ಈಚೀಚೆಗೆ ಬಲಗಾಲು ಅಂತೀರ," ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಹೇಳಿದ್ದು.

ದೇವರಾಣೆಗೂ ನಾನು ಮರೆತಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದೂ ಹೇಳಿದ್ದರೆ ಕಳ್ಳ ಅನ್ನಿಸಿಕೊಳ್ಳುವ ಮರ್ಯಾದೆಯಾದರೂ ಸಿಗುತ್ತಿತ್ತು. ನಾನು ಕಡಲೆಕಾಯಿ ತಿನ್ನುತ್ತ ಎಬ್ಬಿಸಿದ ದಿಬ್ಬವನ್ನು ನಾನೇ ಹತ್ತಿ, ನಾನೇ ಕೈವಾರದ ಬೆಟ್ಟ ನೋಡಿ, ಹದಿನೆಂಟು ಬ್ಯಾಚಿಗೆ ಅದರ ವರ್ಣನೆ ಮಾಡಿದ್ದೇನೆ. ಇಂಥ ಪೆದ್ದು ಚಿಂತಾಮಣಿ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ.

೨೪ ಫೆಬ್ರವರಿ, ಮಂಗಳವಾರ

ಕಾಲೇಜಿಗೆ ಹೋದೆ. ತನುಜ ಎದುರಿಗೆ ಬಂದಳು. ಹೇಳಲಿಲ್ಲ.

೨೬ ಫೆಬ್ರವರಿ, ಗುರುವಾರ

ಇವತ್ತೂ ಹೇಳಲಿಲ್ಲ. ಬೇರೆ ದಾರಿ ಯೋಚಿಸಿದ್ದೆ. ಅವಳ ಅಂಕವನ್ನು ಸದ್ದಿಲ್ಲದೆ ಹನ್ನೆರಡರಿಂದ ಇಪ್ಪತ್ತೆರಡು ಮಾಡಿಬಿಡುವುದು. ಅವಳೂ ಪಾಸು, ನಾನೂ ಪಾಸು. ಆಫೀಸಿಗೆ ಹೋದರೆ ಗುಮಾಸ್ತರು, "ಪಟ್ಟಿ ನಿನ್ನೇನೇ ಬೆಂಗಳೂರಿನ ಬೋರ್ಡಿಗೆ ಹೋಯ್ತಲ್ಲ ಸರ್. ಇನ್ನು ತಿದ್ದಬೇಕಾದ್ರೆ ಕಾರಣ ಬರೆದು, ಪ್ರಿನ್ಸಿಪಾಲರ ಸಹಿ ಹಾಕ್ಸಿ ಕಳಿಸ್ಬೇಕು," ಎಂದರು. ಕಾರಣ ಬರೆಯಬೇಕಂತೆ. ಎರಡು ದಿನ ಹಿಂದೆ ಬಂದಿದ್ದರೆ ಬೇಕಾಗಿರಲಿಲ್ಲ.

ಡ್ರಾಯಿಂಗ್ ಹಾಲಿಗೆ ಹೋದೆ. ಎರಡನೆಯ ವರ್ಷದ ಹುಡುಗರು ಗಾಜಿನ ಮೇಜಿನ ಕೆಳಗೆ ಬಲ್ಬು ಹಾಕಿಕೊಂಡು ಸೀನಿಯರ್ ಶೀಟಿನ ಮೇಲೆ ಹೊಸ ಹಾಳೆ ಇಟ್ಟು ಗೆರೆ ತೆಗೆಯುತ್ತಿದ್ದರು. ನನ್ನನ್ನು ನೋಡಿ ಬಲ್ಬು ಆರಿಸಿದರು. ಪ್ರತಿವರ್ಷವೂ ನಾನು ಬಂದಾಗ ಆರಿಸುತ್ತಾರೆ, ಪ್ರತಿವರ್ಷವೂ ನಾನು ನೋಡದವನ ಹಾಗೆ ಹೋಗುತ್ತೇನೆ. ದಿಬ್ಬ ಹೀಗೆ ಬಲ್ಬಿನ ಮೇಲೆ ಬಲ್ಬು ಹತ್ತಿಕೊಂಡು ೧೯೮೪ರಿಂದ ಇಲ್ಲಿಗೆ ಬಂದಿದೆ.

ಇನ್ನೊಂದು ನೆನಪಾಯಿತು, ಬರೆಯದೆ ಇರಲು ನೋಡಿದೆ. ತನುಜ ಮೊದಲನೆಯವಳಲ್ಲ. ೧೯೯೧ರಲ್ಲಿ ಒಬ್ಬ ಹುಡುಗ ದಿಬ್ಬ ಸಿಗಲಿಲ್ಲ ಎಂದು ಬಂದಿದ್ದ. ೧೯೯೭ರಲ್ಲಿ ಇನ್ನೊಬ್ಬ. ಯಂತ್ರ ಕೆಟ್ಟಿದೆ ಎಂದು ಅವರಿಗೂ ಹೇಳಿದ್ದೆ. ಇಬ್ಬರೂ ಮರುದಿನ ದಿಬ್ಬ ಹಾಕಿಕೊಂಡು ಬಂದರು. ಅಂಕ ಕೊಟ್ಟೆ. ಅವರ ಹೆಸರು ಎಷ್ಟು ಯೋಚಿಸಿದರೂ ಬರುತ್ತಿಲ್ಲ. ನನಗೆ ನಾಚಿಕೆಯಾಗುತ್ತಿದೆ.

೧ ಮಾರ್ಚ್, ಸೋಮವಾರ

ರಜೆ ಹಾಕಿ, ಲೆವೆಲ್ ಯಂತ್ರ ಸ್ಕೂಟರಿಗೆ ಕಟ್ಟಿಕೊಂಡು ಮತ್ತೆ ಹೋದೆ. ಕಾರಣ ಬರೆಯಬೇಕಾದರೆ ಕೈಯಲ್ಲಿ ಅಳತೆ ಇರಬೇಕು. ಮುನಿಗಂಗಪ್ಪನವರು ಕೇಳದೆಯೇ ಕೋಲು ಹಿಡಿದು ನಿಂತರು. ಅವರಿಗೆ ಈಗ ನನಗಿಂತ ಚೆನ್ನಾಗಿ ಅಭ್ಯಾಸವಾಗಿದೆ. ನೆಟ್ಟಗೆ ಹಿಡಿಯುತ್ತಾರೆ, ಅಲ್ಲಾಡಿಸುವುದಿಲ್ಲ. ರಸ್ತೆ ಮೋರಿಯ ಮೇಲಿನ, ಎತ್ತರ ಮೊದಲೇ ಗೊತ್ತಿರುವ ಕೆಂಪು ಗುರುತಿನಿಂದ ಶುರು ಮಾಡಿ ಆರೂ ಚೌಕ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡು ಸಲ ಅಂಕಿ ತಪ್ಪಿ ಬರೆದೆ. ಯಂತ್ರದ ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತರುವುದಕ್ಕೆ ಹತ್ತು ನಿಮಿಷ ಒದ್ದಾಡಿದೆ. ಇದನ್ನು ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು.

ದಿಬ್ಬದ ನೆತ್ತಿ ಇರಬೇಕಾದ ಮೂಲೆಯಲ್ಲಿ ನನಗೆ ೮೭೧.೪೫ ಬಂತು. ತನುಜಳದು ೮೭೧.೪೩. ಎರಡು ಸೆಂಟಿಮೀಟರ್ ವ್ಯತ್ಯಾಸ. ಐದರ ಬದಲು ಮೂರು ಬರೆದರೆ ಚೆನ್ನಾಗಿ ಹೊಂದುತ್ತದೆ, ಪತ್ರಕ್ಕೂ ತೂಕ ಬರುತ್ತದೆ ಎಂದುಕೊಂಡು ಪೆನ್ನು ತೆಗೆದೆ. ತೆಗೆದ ಮೇಲೆ ನಾನು ನಿಂತಿದ್ದು ಎಲ್ಲಿ ಎಂದು ನೋಡಿಕೊಂಡೆ. ಬಿಸಿಲು ಹೆಚ್ಚಾಯಿತೆಂದು ಬರೆದುಕೊಳ್ಳಲು ಹುಣಸೆ ಮರದ ಕೆಳಗೆ ಬಂದಿದ್ದೆ.

ಐದು ಎಂದೇ ಬರೆದೆ. ಮುನಿಗಂಗಪ್ಪನವರು ಮಜ್ಜಿಗೆ ಕೊಟ್ಟರು. "ಸಿಕ್ತಾ ದಿಬ್ಬ?" ಎಂದರು. ಇಲ್ಲ ಎಂದೆ. "ಸಿಕ್ಕಿದ್ರೆ ಹೇಳಿ. ನನ್ನ ಹೊಲದಲ್ಲೇ ತಾನೇ, ಮೇಲೊಂದು ಮನೆ ಕಟ್ಕೊತೀನಿ," ಎಂದರು. ಬಹಳ ದಿನದ ಮೇಲೆ ಜೋರಾಗಿ ನಕ್ಕೆ.

೪ ಮಾರ್ಚ್, ಗುರುವಾರ

ಪತ್ರದ ಕರಡುಗಳು.

ಒಂದು: "ಕಚೇರಿಯ ಕಣ್ತಪ್ಪಿನಿಂದ ಅಂಕ ತಪ್ಪಾಗಿ ನಮೂದಾಗಿದ್ದು..." ಗುಮಾಸ್ತರು ಪಾಪ, ಮೊನ್ನೆ ತಾನೇ ನನಗೆ ಟೀ ಕುಡಿಸಿದರು. ಹರಿದೆ.

ಎರಡು: "ತಾಂತ್ರಿಕ ಕಾರಣಗಳಿಂದಾಗಿ..." ತಾಂತ್ರಿಕ ಕಾರಣ ಎಂದರೆ ಕಡಲೆಕಾಯಿ. ಹರಿದೆ.

ಮೂರು: "ಭೂಮಿಯ ಮೇಲ್ಮೈಯಲ್ಲಿ ಕಾಲಾನುಕ್ರಮದಲ್ಲಿ ಉಂಟಾದ ಬದಲಾವಣೆಗಳನ್ನು ಗಮನಿಸಿ..." ಇದು ಬಹಳ ಚೆನ್ನಾಗಿತ್ತು. ಭೂಮಿಯ ಮೇಲೇ ತಪ್ಪು ಹೊರಿಸುವಷ್ಟು ದೊಡ್ಡ ಮನುಷ್ಯನಾಗಿದ್ದೇನೆ. ಶೈಲಜಾಳಿಗೆ ಓದಿ ಹೇಳಿದೆ. ಹೇಳಬೇಕಾಗಿ ಬಂತು, ಎಲ್ಲವನ್ನೂ, ಮರದಿಂದ ಮುಳ್ಳಿನವರೆಗೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಆ ಹುಡುಗಿಗೆ ಇನ್ನೂ ಹೇಳಿಲ್ವಾ?" ಎಂದಳು.

"ಇಲ್ಲ."

"ಹತ್ತು ದಿನದಿಂದ ಅವಳು ಊಟ ಮಾಡಿದಾಳೋ ಇಲ್ವೋ. ನೀವು ಇಲ್ಲಿ ಭಾಷೆ ತಿದ್ತಾ ಕೂತಿದ್ದೀರಲ್ಲ."

ನಾಲ್ಕು: "ಶ್ರೀಮತಿ ತನುಜ..." ಅಲ್ಲ. "ಕುಮಾರಿ ತನುಜ ಅವರ ಅಳತೆ ಸರಿಯಾಗಿದೆ. ೧೯೮೪ರಲ್ಲಿ ನಾನು ಅಳೆಯದೆ, ಊಹೆಯಿಂದ ಬರೆದ ದಿಬ್ಬವೊಂದನ್ನು ನಿಜವೆಂದು ನಂಬಿ ಅವರಿಗೆ ೧೨ ಅಂಕ ನೀಡಿದ್ದೇನೆ. ಸ್ಥಳಕ್ಕೆ ಹೋಗಿ ಅಳೆದು ನೋಡಿದ್ದೇನೆ, ೮೭೧.೪೫ ಬಂದಿದೆ. ದಿಬ್ಬ ಇಲ್ಲ. ೪೮ ಅಂಕ ಎಂದು ತಿದ್ದಬೇಕಾಗಿ ವಿನಂತಿ." ನಾಲ್ಕೈದು ಸಾಲು. ಬರೆಯಲು ಐದು ನಿಮಿಷ ಹಿಡಿಯಿತು.

೫ ಮಾರ್ಚ್, ಶುಕ್ರವಾರ

ಪ್ರಿನ್ಸಿಪಾಲರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಏನ್ರೀ ಚೆನ್ನರಾಯಪ್ಪ, ಇದನ್ನ ಕಳಿಸಿದ್ರೆ ಹದಿನೆಂಟು ಬ್ಯಾಚಿಂದು ಕೇಳ್ತಾರಲ್ರೀ. ಕೂಡೋದರಲ್ಲಿ ತಪ್ಪಾಯ್ತು ಅಂತ ಒಂದು ಸಾಲು ಬರೀರಿ, ಸಹಿ ಹಾಕ್ತೀನಿ. ಹುಡುಗಿ ಪರೀಕ್ಷೆಗೆ ಕೂತ್ರೆ ಆಯ್ತಲ್ಲ," ಎಂದರು.

ಅವರ ಮಾತು ನ್ಯಾಯವಾಗಿಯೇ ಇತ್ತು. ಹುಡುಗಿ ಪರೀಕ್ಷೆಗೆ ಕೂತರೆ ಆಯಿತು. ಆದರೆ ಕೂಡುವುದರಲ್ಲಿ ತಪ್ಪಾಯಿತು ಎಂದರೆ ಅವಳ ಅಳತೆ ಸರಿಯೆಂದು ಎಲ್ಲೂ ಬರೆದ ಹಾಗಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಬಲ್ಬು ಹತ್ತುತ್ತದೆ. ಇದನ್ನು ಹೀಗೆ ಚೆನ್ನಾಗಿ ಹೇಳಲಿಲ್ಲ. ತೊದಲಿದೆ. "ಇದನ್ನೇ ಕಳಿಸಿ ಸರ್," ಎಂದಷ್ಟೇ ನಾಲ್ಕು ಸಲ ಹೇಳಿದೆ.

ಕಳಿಸಿದರು. ಮುಂದಿನ ವರ್ಷದಿಂದ ಕ್ಯಾಂಪಿನ ಉಸ್ತುವಾರಿ ನನಗಿಲ್ಲ. ಗೋಡೆ ಮೇಲಿನ ಶೀಟನ್ನು ಸದ್ದಿಲ್ಲದೆ ಇಳಿಸಿಬಿಡಿ ಎಂದೂ ಹೇಳಿದರು. ಕುರ್ಚಿ ಹಾಕಿಕೊಂಡು ನೆರಳಿನಲ್ಲಿ ಕೂರುವುದಕ್ಕೆ ಬೇರೆಯವರು ಸಿಗದೆ ಇರುವುದಿಲ್ಲ.

೯ ಮಾರ್ಚ್, ಮಂಗಳವಾರ

ತರಗತಿಯಲ್ಲಿ ಹೇಳಿದೆ. ಮೊದಲು ಯಾರೂ ನಂಬಲಿಲ್ಲ, ಸರ್ ತಮಾಷೆ ಮಾಡ್ತಿದ್ದಾರೆ ಎಂದುಕೊಂಡರು. ಕಡಲೆಕಾಯಿಯ ವಿಷಯ ಬಂದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಅಳು ಬರುತ್ತಿತ್ತು. ದಿಬ್ಬ ಹಾಕಿದ ಐವರೂ ಮತ್ತೆ ಹೊಲಕ್ಕೆ ಹೋಗಿ ಅಳೆದುಕೊಂಡು ಬರಬೇಕು ಎಂದಾಗ ನಗು ನಿಂತಿತು.

ತನುಜ ನಗಲಿಲ್ಲ. ತಲೆ ಬಗ್ಗಿಸಿ ಕೂತಿದ್ದಳು. ತರಗತಿ ಮುಗಿದ ಮೇಲೆ ಅವಳ ಬೆಂಚಿನ ಹತ್ತಿರ ಹೋಗಿ, "ತಪ್ಪು ನನ್ನದಮ್ಮ," ಎಂದೆ. ಅವಳು ಕೈಗಡಿಯಾರದ ಪಟ್ಟಿ ತಿರುಗಿಸುತ್ತಿದ್ದಳು. "ನನಗೇ ಅನುಮಾನ ಬಂದ್ಬಿಟ್ಟಿತ್ತು ಸರ್. ಹೋದ ವಾರ ದಿಬ್ಬ ಹಾಕಿ ಇನ್ನೊಂದು ಶೀಟು ಮಾಡ್ಕೊಂಡಿದ್ದೆ," ಎಂದಳು. ಬ್ಯಾಗಿನಿಂದ ತೆಗೆದು ತೋರಿಸಿದಳು. ಮೂರು ಬಳೆ, ಬಹಳ ಅಚ್ಚುಕಟ್ಟಾಗಿ.

ಇನ್ನೊಂದು ವಾರ ತಡ ಮಾಡಿದ್ದರೆ ಅವಳನ್ನೂ ನನ್ನ ಹಾಗೆ ಮಾಡಿಬಿಡುತ್ತಿದ್ದೆ.

೧೨ ಏಪ್ರಿಲ್, ಸೋಮವಾರ

ತಿಂಗಳ ಮೇಲಾಯಿತು ಈ ಪುಸ್ತಕ ಮುಟ್ಟಿ. ಪ್ರತಿ ವಾರವೂ ಬೆಂಗಳೂರಿಗೆ ಫೋನು ಮಾಡುತ್ತಿದ್ದೆ. ಇವತ್ತು ಹಾಲ್ ಟಿಕೆಟ್ ಬಂದವು. ಕಟ್ಟಿನಲ್ಲಿ ತನುಜಳದು ಇದೆಯೋ ಇಲ್ಲವೋ ಎಂದು ಗುಮಾಸ್ತರಿಗಿಂತ ಮೊದಲು ನಾನೇ ಹುಡುಕಿದೆ. ಇತ್ತು, ಕೊನೆಯಿಂದ ಎರಡನೆಯದು.

ತನುಜ ಅದನ್ನು ತೆಗೆದುಕೊಂಡು ಹೋಗಲು ಬಂದಾಗ ನಾನು ಡ್ರಾಯಿಂಗ್ ಹಾಲಿನಲ್ಲಿ ಸ್ಟೂಲು ಹತ್ತಿ ನನ್ನ ಶೀಟು ಇಳಿಸುತ್ತಿದ್ದೆ. ಅವಳು ಬಂದು ಸ್ಟೂಲು ಹಿಡಿದುಕೊಂಡಳು.

"ಸರ್, ನಿಮ್ಮ ಪತ್ರದಲ್ಲಿ ೮೭೧.೪೫ ಅಂತಿದೆಯಂತೆ. ನಂದು ೪೩. ಯಾರ್ದು ಸರಿ ಸರ್?"

"ಗೊತ್ತಿಲ್ಲಮ್ಮ. ನಿನ್ನ ಪರೀಕ್ಷೆ ಮುಗೀಲಿ, ಹೋಗಿ ನೋಡಣ. ಮುನಿಗಂಗಪ್ಪನವರು ಕೋಲು ಹಿಡೀತಾರೆ."

ಶೀಟನ್ನು ಕಟ್ಟಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಹಾಸಿದೆ. ಸದ್ದಿಲ್ಲದೆ ಇಳಿಸಿ ಎಂದು ಪ್ರಿನ್ಸಿಪಾಲರು ಹೇಳಿದ್ದರು, ಒಂದು ತಿಂಗಳಿಂದ ಮುಂದೂಡುತ್ತ ಬಂದಿದ್ದೆ. ಕೆಂಪು ಪೆನ್ನು ತೆಗೆದುಕೊಂಡು ಮೂರು ಬಳೆಯ ಮೇಲೆ ಒಂದೇ ಗೆರೆ ಎಳೆದೆ. ಮೇಲೆ ೮೭೧.೪೫ ಎಂದು ಬರೆದೆ, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಪಕ್ಕದಲ್ಲಿ ಸಹಿ, ಇವತ್ತಿನ ತಾರೀಕು. ಗೆರೆ ನನ್ನ ಎಂದಿನ ಗೆರೆಯಷ್ಟು ಚೆನ್ನಾಗಿ ಬರಲಿಲ್ಲ.

ಮತ್ತೆ ಗಾಜು ಹಾಕಿ ಅದೇ ಮೊಳೆಗೆ ನೇತುಹಾಕಿದೆ. ತನುಜ ಬಾಗಿಲವರೆಗೆ ಹೋದವಳು ಅಲ್ಲಿಂದಲೇ ತಿರುಗಿ ನೋಡಿದಳು.

"ಕೆಳಗಿಂದು ಓದಕ್ಕೆ ಬರ್ತಿದೆ ಸರ್," ಎಂದಳು.